ಅಗ್ಗದ ದರ ಬಡವರ ಪರವೇ?

ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿಯ ಹಳ್ಳಿಗಳಿಗೆ ಇಂಟರ್ನೆಟ್ ಮುಟ್ಟಿಸಿದ್ದು ಜಿಯೊ. ದರ ಇಳಿದಷ್ಟೂ ಬಡವರಿಗೆ ಲಾಭ. ಈ ಮಾತನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಅದರಲ್ಲಿ ಅರ್ಧ ನಿಜವಿದೆ. 2016ರ ಸೆಪ್ಟೆಂಬರ್ 5ರಿಂದ 2017ರ ಮಾರ್ಚ್ 31ರವರೆಗೆ ಜಿಯೊದಲ್ಲಿ ಕರೆಯೂ ಡೇಟಾವೂ ಉಚಿತವಾಗಿದ್ದವು. ಬೆಂಗಳೂರಿಗೆ, ಪುಣೆಗೆ ಗುಳೆ ಹೋದ ಮಕ್ಕಳ ಮುಖ ಊರಲ್ಲೇ ಕಾಣುವಂತಾಯಿತು. ಇದನ್ನು ಅಲ್ಲಗಳೆಯಲಾಗದು.

ಆದರೆ ಲಾಭದ ಲೆಕ್ಕ ದರ ಇಳಿದ ದಿನಕ್ಕೇ ಮುಗಿಯುವುದಿಲ್ಲ. ದರ ಏರಿದ ದಿನ ಗ್ರಾಹಕನಿಗೆ ಎಷ್ಟು ದಾರಿಗಳು ಉಳಿದಿದ್ದವು ಎಂದೂ ಕೇಳಬೇಕು. ಏರ್‌ಸೆಲ್ ದಿವಾಳಿಯಾಯಿತು, ರಿಲಯನ್ಸ್ ಕಮ್ಯುನಿಕೇಷನ್ಸ್ ಮೊಬೈಲ್ ಸೇವೆ ನಿಲ್ಲಿಸಿತು, 2018ರಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. ಸ್ಪೆಕ್ಟ್ರಂ ಸಾಲವೂ ಇದಕ್ಕೆ ಕಾರಣ; ಆ ಸಾಲ ತೀರಿಸುವ ಆದಾಯವನ್ನು ಕಸಿದದ್ದು ದರಸಮರ. ಉಳಿದ ಮೂರು ಖಾಸಗಿ ಕಂಪನಿಗಳು 2019, 2021, 2024ರಲ್ಲಿ ಒಂದರ ಬೆನ್ನಿಗೊಂದು ದರ ಏರಿಸಿದವು. 2024ರಲ್ಲಿ ಜಿಯೊದ 28 ದಿನಗಳ 155 ರೂಪಾಯಿ ಪ್ಲಾನ್ 189 ಆಯಿತು. ವರ್ಷಕ್ಕೆ 13 ರೀಚಾರ್ಜ್. ಆ ದರದಲ್ಲಿ ಮೂರು ಫೋನಿನ ಮನೆಗೆ ವರ್ಷಕ್ಕೆ 7,371 ರೂಪಾಯಿ. ಬ್ಯಾಂಕಿನ ಓಟಿಪಿಗೂ ಫೋನೇ ಬೇಕಾಗಿರುವಾಗ ಕೂಲಿಕಾರರು ಈ ಖರ್ಚು ಬಿಡುವಂತಿಲ್ಲ.

ದರ ಏರಿದರೆ ಹೊಸಬರು ಬರುತ್ತಾರೆ ಎಂಬ ಸಮಾಧಾನವೂ ನಿಲ್ಲದು. ರಾಯಚೂರಿನಲ್ಲಿ ಒಂದು ಖಾನಾವಳಿಯ ಎದುರು ಇನ್ನೊಂದು ತೆರೆಯಬಹುದು. ಆದರೆ ಮೊಬೈಲ್ ಕಂಪನಿ ತೆರೆಯಲು ಸ್ಪೆಕ್ಟ್ರಂ, ಟವರ್‌ಗೆ ಸಾವಿರಾರು ಕೋಟಿ ಸುರಿಯಬೇಕು. ಅಷ್ಟು ಬಂಡವಾಳವಿಲ್ಲದವರನ್ನು ಕಡಿಮೆ ದರವೇ ಮುಳುಗಿಸುತ್ತದೆ. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಆರಂಭಿಸಿದ ಅಗ್ಗದ ದರದ ವಿಮಾನಯಾನ ಕಂಪನಿ ಏರ್ ಡೆಕ್ಕನ್ ನಾಲ್ಕೇ ವರ್ಷದಲ್ಲಿ ನಷ್ಟ ಹೊತ್ತು ಕಿಂಗ್‌ಫಿಷರ್ ಪಾಲಾಯಿತು. ಹಾಗಾಗಿ ವೆಚ್ಚಕ್ಕಿಂತ ಕಡಿಮೆ ದರ ಎಂದೂ ಬಾಳುವುದಿಲ್ಲ: ಮಾರುವವನು ಸೋಲುತ್ತಾನೆ, ಇಲ್ಲವೇ ಗೆದ್ದು ಕೊಳ್ಳುವವನಿಂದ ವಸೂಲು ಮಾಡುತ್ತಾನೆ.

ಗೆದ್ದು ವಸೂಲು ಮಾಡುವ ಈ ಎರಡನೆಯ ದಾರಿಯನ್ನು ಕಾನೂನು ನೋಡುತ್ತಲೇ ಇಲ್ಲ. ಏರ್‌ಟೆಲ್ ಜಿಯೊದ ಉಚಿತ ಕೊಡುಗೆಯ ವಿರುದ್ಧ ನೀಡಿದ್ದ ದೂರನ್ನು ಸ್ಪರ್ಧಾ ಆಯೋಗ 2017ರಲ್ಲಿ ತಳ್ಳಿಹಾಕಿತು. ಜಿಯೊಗೆ ಮಾರುಕಟ್ಟೆಯಲ್ಲಿ ಪ್ರಾಬಲ್ಯವಿಲ್ಲ ಎಂಬುದು ಅದರ ಕಾರಣ. ಗೆಲ್ಲುವ ತನಕ ಕಾನೂನು ತಾಗದು. ಗೆದ್ದ ಮೇಲೆ ದರ ಇಳಿಸುವ ಅಗತ್ಯವೇ ಇರದು. ಹಾಗಾಗಿ ಬೇರೆ ವ್ಯಾಪಾರದ ಹಣದಿಂದ ನಷ್ಟ ತುಂಬಿಕೊಳ್ಳುವವರ ದರವನ್ನು ಆರಂಭದಲ್ಲೇ ಪರಿಶೀಲಿಸಬೇಕು.

2024ರಲ್ಲಿ ದರ ಏರಿಸದ ಬಿಎಸ್‌ಎನ್‌ಎಲ್‌ಗೆ ಅನೇಕರು ಪೋರ್ಟ್ ಆದರು. ಆದರೆ ಅದರ ಸ್ವದೇಶಿ 4ಜಿ ದೇಶಕ್ಕೆ ಸಮರ್ಪಣೆಯಾದದ್ದು 2025ರ ಸೆಪ್ಟೆಂಬರಿನಲ್ಲಿ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕೆಂದು ಗುರುತಿಸಿದ ದೇವದುರ್ಗಕ್ಕೆ ಬೇಕಿರುವುದು ಕೆಲವು ತಿಂಗಳ ಉಚಿತ ಕೊಡುಗೆಯಲ್ಲ. ಖಾಸಗಿ ದರ ಏರಿದಾಗ ಬಿಟ್ಟು ಹೋಗಲು ಸಿಗ್ನಲ್ ಇರುವ ಇನ್ನೊಂದು ಸಿಮ್.