ಇಜ್ನಿಕ್ ತಟ್ಟೆಯ ಚಿಂತಾಮಣಿ

ತುರ್ಕಿ ದೇಶದ ಇಜ್ನಿಕ್ ಪಟ್ಟಣದ ಕುಂಬಾರರು 16ನೆಯ ಶತಮಾನದಲ್ಲಿ ಮಾಡಿದ ಚಿತ್ರದ ತಟ್ಟೆಗಳಲ್ಲಿ ಒಂದು ಬಗೆಯ ಅಲಂಕಾರಕ್ಕೆ ಕಲಾಪಂಡಿತರು ‘ಚಿಂತಾಮಣಿ’ ಎಂದು ಹೆಸರಿಟ್ಟಿರುವರು. ಮುಕ್ಕೋಣವಾಗಿ ನಿಂತ ಮೂರು ಬೊಟ್ಟುಗಳು, ಜೊತೆಗೆ ಅಲೆಯಂತೆ ಬಳುಕುವ ಎರಡು ಗೆರೆಗಳು; ಚಿತ್ರವೆಂದರೆ ಇಷ್ಟೇ. ಇದೇ ಚಿತ್ರವು ಆಟೊಮನ್ ಸುಲ್ತಾನರ ರೇಷ್ಮೆಯ ನಿಲುವಂಗಿಗಳಲ್ಲಿಯೂ ಮಖಮಲ್ಲಿನಲ್ಲಿಯೂ ಉಂಟು.

ಹೆಸರು ಸಂಸ್ಕೃತದ್ದಾದುದರಿಂದ ಚಿತ್ರವೂ ನಮ್ಮದೇ ಎಂದು ಹಿಗ್ಗುವವರಿಗೆ ಕೊರತೆಯಿಲ್ಲ. ಬೌದ್ಧರ ಮಣಿಯೇ ಮಧ್ಯ ಏಷ್ಯದ ಮಾರ್ಗವಾಗಿ ಅಲ್ಲಿಗೆ ಹೋಯಿತೆಂಬ ಊಹೆಯಿದೆ. ತೈಮೂರನ ನಾಣ್ಯಗಳ ಮೇಲೂ ಮೂರು ವೃತ್ತಗಳಿವೆ. ಆದರೆ ತುರ್ಕರು ಬೊಟ್ಟುಗಳನ್ನು ಚಿರತೆಯ ಚುಕ್ಕೆಗಳೆಂದೂ, ಗೆರೆಗಳನ್ನು ಹುಲಿಯ ಪಟ್ಟೆಗಳೆಂದೂ ಬಗೆದರು. ಇಷ್ಟಾರ್ಥವನ್ನೀಯುವ ಮಣಿಯೆಲ್ಲಿ, ಹುಲಿಯ ತೊಗಲೆಲ್ಲಿ! ಪಂಡಿತರು ಇಟ್ಟ ಹೆಸರನ್ನು ಹಿಡಿದು ವಂಶಾವಳಿಯನ್ನು ಕಟ್ಟುವುದು ಶಾಸ್ತ್ರವನ್ನೋದಿದವರಿಗೆ ಶೋಭಿಸದು.

ವಿಚಾರಾರ್ಹವಾದುದು ಬೇರೊಂದುಂಟು. ಬಟ್ಟೆಗೆಂದು ಹುಟ್ಟಿದ ಚಿತ್ರವು ತಟ್ಟೆಯಲ್ಲಿ ಬಾಳಬಲ್ಲುದೆ? ಮಗ್ಗದಿಂದಿಳಿಯುವ ಬಟ್ಟೆಯಲ್ಲಿ ಚಿತ್ರವು ಮತ್ತೆ ಮತ್ತೆ ಬರುತ್ತದೆ. ಉಟ್ಟವನು ನಡೆದರೆ ನೆರಿಗೆಗಳಲ್ಲಿ ಆಡುತ್ತದೆ. ತಟ್ಟೆಯಾದರೋ ದುಂಡು, ನಿಶ್ಚಲ. ಅಂಚಿನಲ್ಲಿ ಅದರ ಲೋಕವೇ ಮುಗಿಯಿತು. 11ನೆಯ ಶತಮಾನದ ಕ್ಷೇಮೇಂದ್ರನು ಕಾವ್ಯಕ್ಕೆ ಜೀವವೆಂದ ಔಚಿತ್ಯವು ಇಲ್ಲಿಯೂ ಒರೆಗಲ್ಲು.

ಇಜ್ನಿಕ್ಕಿನ ಒಳ್ಳೆಯ ಕುಶಲಿಗಳು ಈ ಒರೆಯಲ್ಲಿ ಗೆದ್ದುದು ಮಣ್ಣಿನ ಗುಣದಿಂದ. ಬೆಣಚುಕಲ್ಲಿನ ಹುಡಿಯೇ ಹೆಚ್ಚಾಗಿರುವ ಒಡಲು, ಮೇಲೆ ಬಿಳಿಯ ಲೇಪ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಸೀಸ ಬೆರೆತ ತಿಳಿಯಾದ ಮೆರುಗು. ಕಬ್ಬಿಣದ ಅಂಶವುಳ್ಳ ಕೆಮ್ಮಣ್ಣಿನಿಂದಾದ ಅವರ ಕೆಂಪು 1557ರಲ್ಲಿ ಮುಗಿದ ಸುಲೇಮಾನಿಯೆ ಮಸೀದಿಯ ಬಿಲ್ಲೆಗಳಲ್ಲಿಯೇ ಕಾಣುತ್ತದೆ. ಆ ಕೆಂಪನ್ನು ದಪ್ಪವಾಗಿ ಹಚ್ಚಬೇಕು; ಆವಿಗೆಯಿಂದ ಬಂದ ಮೇಲೂ ಅದು ಮೆರುಗಿನಡಿ ಉಬ್ಬಿ, ಬೆರಳಿಗೆ ತಗಲುತ್ತದೆ. ಮಖಮಲ್ಲಿನಲ್ಲಿ ಜರಿಯ ಭಾಗ ತಗ್ಗಾಗಿ ರೇಷ್ಮೆಯ ಎಳೆ ಎದ್ದು ನಿಲ್ಲುವಂತೆ! ಜರಿಯ ಹೊಳಪಿನ ಸ್ಥಾನದಲ್ಲಿ ಬಿಳಿಯ ನೆಲ ನಿಂತಿತು. ಇದು ಬಟ್ಟೆಯ ಅನುಕರಣವಲ್ಲ. ಬಟ್ಟೆಯ ಭಾವವನ್ನು ಮಣ್ಣು ತನ್ನ ನುಡಿಯಲ್ಲಿ ಹೇಳಿದುದು.

17ನೆಯ ಶತಮಾನದಲ್ಲಿ ಕ್ಷೀಣಿಸಿದ ಈ ವಿದ್ಯೆಯನ್ನು ಮತ್ತೆ ಎತ್ತಲು 1993ರಲ್ಲಿ ಇಜ್ನಿಕ್ ಪ್ರತಿಷ್ಠಾನವು ಸ್ಥಾಪಿತವಾಯಿತು. ಉದ್ಯಮವು ಶ್ಲಾಘ್ಯವೇ. ಆದರೆ ಹಳೆಯ ಜವಳಿಯ ಚಿತ್ರಗಳನ್ನು ತಟ್ಟೆಗೆ ತರುವ ಇಂದಿನವರು ಯಾವ ದೇಶದವರೇ ಆಗಲಿ, ಕೈಯಿಂದ ಬರೆದುದೆಂಬ ಒಂದೇ ಕಾರಣಕ್ಕೆ ಹೊಗಳಿಕೆಗೆ ಅರ್ಹರಾಗರು. ಬಟ್ಟೆಯನ್ನು ಕತ್ತರಿಸಿ ಅಂಟಿಸಿದಂತೆ ಬರೆದರೆ ಅಂಚಿನಲ್ಲಿ ಅರ್ಧ ಬೊಟ್ಟು ಉಳಿಯುವುದು. ಅದು ಚಿರತೆಯದೂ ಅಲ್ಲ, ಮಣಿಯೂ ಅಲ್ಲ.