‘ಶೋಲೆ’ ಮತ್ತು ಅನುಮೋದನೆಯ ಪ್ರಶ್ನೆ

1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಗೆ ಅಂದಿನ ವಿಮರ್ಶಕರಿಂದ ದೊರೆತದ್ದು ಬಹುಮಟ್ಟಿಗೆ ತಿರಸ್ಕಾರ. ಅಮೆರಿಕದ ಕೌಬಾಯ್ ಚಿತ್ರಗಳ ರೆಂಬೆಯನ್ನು ತಂದು ಭಾರತದ ಗಿಡಕ್ಕೆ ಕಸಿ ಮಾಡಲಾಗಿದೆ, ಅದು ಕೂಡಿಕೊಂಡಿಲ್ಲ ಎಂಬುದು ಮುಖ್ಯ ಆಕ್ಷೇಪ. ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಸಂದದ್ದೂ ಒಂದೇ, ಎಂ. ಎಸ್. ಶಿಂಧೆಯವರ ಸಂಕಲನಕ್ಕೆ. ಜನರ ತೀರ್ಪು ಬೇರೆಯಾಯಿತು. ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಅದು ಐದು ವರ್ಷ ನಡೆಯಿತು; ನಮ್ಮ ರಾಮನಗರದ ಬಂಡೆಗಳನ್ನು ದೇಶವೆಲ್ಲ ‘ರಾಮಗಢ’ವೆಂದು ಗುರುತಿಸಿತು.

ಇಂತಹ ಭಿನ್ನಾಭಿಪ್ರಾಯ ಬಂದಾಗ ಅನೇಕಾಂತದ ಹೆಸರು ಹೇಳಿ ಇಬ್ಬರೂ ಸರಿಯೆಂದು ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ಅದು ಅನೇಕಾಂತವಲ್ಲ, ಆಲಸ್ಯ. ಯಾವ ನಯದಿಂದ ಯಾವುದು ಕಂಡಿತು ಎಂಬುದನ್ನು ಹೇಳಲೇಬೇಕು. ವಿಮರ್ಶಕನಿಗೆ ಚಿತ್ರದ ವಂಶಾವಳಿ ಕಂಡಿತು. ಕುದುರೆ, ಬಂದೂಕು, ರೈಲಿನ ದರೋಡೆ ಎಲ್ಲವೂ ಎರವಲೇ. ಆದರೆ ವಿಧವೆ ರಾಧಾ ಪಡಸಾಲೆಯ ದೀಪಗಳನ್ನು ಒಂದೊಂದಾಗಿ ಆರಿಸುವುದು, ಎದುರಿನಲ್ಲಿ ಕುಳಿತ ಜಯ್ ಮಾತಿಲ್ಲದೆ ಮೌತ್ ಆರ್ಗನ್ ನುಡಿಸುವುದು, ಇವು ಯಾವ ಕೌಬಾಯ್ ಚಿತ್ರದಿಂದಲೂ ಬಂದವಲ್ಲ. ಈ ಸಂಯಮವನ್ನು ಸಾಮಾನ್ಯ ಪ್ರೇಕ್ಷಕ ಗುರುತಿಸಿದನು. ಅವನ ಪ್ರೀತಿ ಕುರುಡಾಗಿರಲಿಲ್ಲ.

ಆದರೆ ಆ ಪ್ರೀತಿಯೂ ಒಂದು ಪ್ರಶ್ನೆಗೆ ಉತ್ತರಿಸಬೇಕಾಗಿದೆ. ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಯ ಮೂರು ಬಾಗಿಲುಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ. ಪ್ರೇಕ್ಷಕನು ಕೊಲ್ಲುವುದಿಲ್ಲ, ಕೊಲ್ಲಿಸುವುದೂ ಇಲ್ಲ. ಚಪ್ಪಾಳೆ ತಟ್ಟಿದರೆ? ಗಬ್ಬರನ ಸಂಭಾಷಣೆಗಳು ಧ್ವನಿಮುದ್ರಿಕೆಗಳಾಗಿ ಮಾರಾಟವಾದವು, ಮಕ್ಕಳು ಅವನ್ನು ಬಾಯಿಪಾಠ ಮಾಡಿದರು. ಜೈನ ಮನೆಗಳ ಮಕ್ಕಳೂ ಇದಕ್ಕೆ ಹೊರತಾಗಿರಲಾರರು.

ಇಲ್ಲಿ ಚಿತ್ರದ ಒಂದು ಸಣ್ಣ ದೃಶ್ಯವನ್ನು ನೆನೆಯಬೇಕು. ಇಮಾಮ ಸಾಹೇಬರ ಮಗ ಅಹಮದ್ ಸೆರೆಸಿಕ್ಕಿದ್ದಾನೆ. ಗಬ್ಬರ್ ಒರಗಿ ಮಲಗಿದ್ದಾನೆ. ಅವನ ತೋಳಿನ ಮೇಲೆ ಇರುವೆಗಳು ಹರಿಯುತ್ತಿವೆ. ಅವನು ಒಂದನ್ನು ಹೊಸಕುತ್ತಾನೆ. ಮುಂದೆ ಕುದುರೆ ಹುಡುಗನ ಶವವನ್ನು ಹೊತ್ತು ಊರಿಗೆ ಬರುತ್ತದೆ. ಕೊಲೆಯ ದೃಶ್ಯಕ್ಕೆ ಸೆನ್ಸಾರ್ ಕತ್ತರಿ ಬಿದ್ದುದರಿಂದ ಇರುವೆಯೇ ಎಲ್ಲವನ್ನೂ ಹೇಳಬೇಕಾಯಿತು. ತ್ರೀಂದ್ರಿಯ ಜೀವಿಯ ಬಗೆಗಿನ ಉಪೇಕ್ಷೆಯಿಂದ ಪಂಚೇಂದ್ರಿಯ ಜೀವಿಯ ವಧೆಗೆ ಎಷ್ಟು ಕಡಿಮೆ ದೂರವೆಂಬುದನ್ನು ಜೈನ ಪ್ರೇಕ್ಷಕನಿಗೆ ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಅಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಅಂತ್ಯದ ಮಾತು ಬೇರೆ. ಸಲೀಂ–ಜಾವೇದ್ ಬರೆದು ರಮೇಶ್ ಸಿಪ್ಪಿ ಚಿತ್ರೀಕರಿಸಿದ ಮೂಲದಲ್ಲಿ, ಕೈಗಳಿಲ್ಲದ ಠಾಕೂರ್ ಮೊಳೆಯ ಪಾದರಕ್ಷೆಯಿಂದ ಗಬ್ಬರನನ್ನು ಕೊಲ್ಲುತ್ತಾನೆ. ತುರ್ತುಪರಿಸ್ಥಿತಿಯ ದಿನಗಳ ಸೆನ್ಸಾರ್ ಮಂಡಳಿ ಅದನ್ನು ಒಪ್ಪಲಿಲ್ಲ. ಪೊಲೀಸರು ಬಂದು ಕಾನೂನನ್ನು ನೆನಪಿಸಿ ತಡೆಯುವ ಅಂತ್ಯ ಸೇರಿತು. ವಧೆ ತಪ್ಪಿತಾದ್ದರಿಂದ ಇದೇ ಅಹಿಂಸೆಯ ಅಂತ್ಯವೆಂದು ಭಾವಿಸುವುದು ಸುಲಭ. ದ್ರವ್ಯಹಿಂಸೆ ನಿಂತಿತು ನಿಜ. ಠಾಕೂರನ ಭಾವಹಿಂಸೆ ಎಲ್ಲಿಯೂ ಕರಗಲಿಲ್ಲ, ನೋಡುವವನದೂ ಕರಗಲಿಲ್ಲ. ಬಾಹುಬಲಿಯು ಅಣ್ಣನನ್ನು ಮೇಲೆತ್ತಿ ಗೆದ್ದ ಕ್ಷಣದಲ್ಲಿ ಅಪ್ಪಳಿಸದೆ ಇಳಿಸಿದಾಗ ಅವನನ್ನು ತಡೆಯಲು ಯಾವ ಅಧಿಕಾರಿಯೂ ಬಂದಿರಲಿಲ್ಲ. ಅಂತಹ ತಿರುವಿಗೆ ಚಿತ್ರಕಥೆಯಲ್ಲಿ ಸ್ಥಳವೇ ಇರಲಿಲ್ಲ. ಪರದೇಶದ ಅನುಕರಣೆಯ ದೋಷಕ್ಕಿಂತ ಇದು ದೊಡ್ಡ ದೋಷ.

2025ರಲ್ಲಿ ಇಟಲಿಯ ಬೊಲೊನ್ಯಾದ ಉತ್ಸವದಲ್ಲಿ ಮೂಲ ಅಂತ್ಯವಿರುವ ಪುನರುಜ್ಜೀವಿತ ಪ್ರತಿ ಪ್ರದರ್ಶನಗೊಂಡಿತು. ಈಗ ಎರಡು ಅಂತ್ಯಗಳೂ ಉಳಿದಿವೆ. ಮನೆಯ ಹಿರಿಯರು ಚಿತ್ರವನ್ನು ನಿಷೇಧಿಸುವ ಬದಲು ಎರಡನ್ನೂ ಮಕ್ಕಳೊಡನೆ ಕುಳಿತು ನೋಡಬಹುದು. ಠಾಕೂರನ ಪಾದ ಮೇಲೇಳುವಾಗ ತಮ್ಮ ಮನಸ್ಸು ಏನನ್ನು ಬಯಸಿತೆಂದು ಮೊದಲು ತಾವೇ ಹೇಳಬಹುದು.