ಬಡಿಸಿದ ಕೈ ಯಾರದು?

ಬೆಳಗಾವಿಯಲ್ಲಿ ಅಧಿವೇಶನ ಶುರುವಾದರೆ ಸಾಕು, ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಎಂಬ ಮಾತು ಸುವರ್ಣ ವಿಧಾನಸೌಧದ ಒಳಗೂ ಹೊರಗಿನ ಪೆಂಡಾಲಿನಲ್ಲೂ ಕೇಳಿಬರುತ್ತದೆ. ಬೆಣ್ಣೆ ದಕ್ಷಿಣಕ್ಕೆ, ಸುಣ್ಣ ಉತ್ತರಕ್ಕೆ. ರಾಮದುರ್ಗ ತಾಲ್ಲೂಕಿನ ಕಟಕೋಳದ ಕಟ್ಟೆಯ ಮೇಲೂ ಇದನ್ನು ಒಪ್ಪದವರು ವಿರಳ. ನನಗೋ, ಈ ಗಾದೆಯನ್ನು ನಾವು ತಿರುಚಿಕೊಂಡಿದ್ದೇವೆ ಎನಿಸುತ್ತದೆ.

ಮನೆಯಲ್ಲಿ ಅದು ಹೇಗೆ ಬರುತ್ತದೆ ನೋಡಿ. ಹಬ್ಬಕ್ಕೆ ಬಂದ ಇಬ್ಬರು ಅಳಿಯಂದಿರಲ್ಲಿ ನೌಕರಿಯವನ ಹೋಳಿಗೆಗೆ ತುಪ್ಪ ಸುರಿದ ಅತ್ತೆ, ಒಕ್ಕಲುತನದವನ ತಾಟಿನತ್ತ ತಿರುಗಿಯೂ ನೋಡದಿದ್ದರೆ, ಕಿರಿಮಗಳು ಅಡಿಗೆಮನೆಗೆ ಬಂದು, ‘ಯವ್ವಾ, ಒಂದ್ ಕಣ್ಣಿಗಿ ಬೆಣ್ಣಿ, ಒಂದ್ ಕಣ್ಣಿಗಿ ಸುಣ್ಣ ಹಚ್ತಿಯಲ್ಲ’ ಎನ್ನುತ್ತಾಳೆ. ಸಿಟ್ಟು ತುಪ್ಪ ಉಂಡ ಅಕ್ಕನ ಗಂಡನ ಮೇಲಲ್ಲ, ಬಡಿಸಿದ ಕೈಯ ಮೇಲೆ. ರಾಜಕೀಯಕ್ಕೆ ಬಂದೊಡನೆ ಬಡಿಸಿದವರು ಮಾಯವಾಗಿ, ‘ಮೈಸೂರು ಕಡೆಯವರು ಉಂಡರು’ ಎಂಬುದಷ್ಟೇ ಉಳಿಯುತ್ತದೆ.

ಅವರೆಲ್ಲ ಉಂಡಿದ್ದಾರೆಯೇ? ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ, ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಉತ್ತರದವು 59, ದಕ್ಷಿಣದವು 55. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದವೇ, ಅನ್ಯಾಯವಾಗಿರುವುದು ಸುಳ್ಳಲ್ಲ. ಆದರೆ ಆ 26ರಲ್ಲಿ 21 ಕಲಬುರಗಿ ವಿಭಾಗದವು, ಬೆಳಗಾವಿ ವಿಭಾಗದವು ಐದೇ. ನಾವು ‘ಉತ್ತರ’ ಎಂದು ಕೂಗುವಾಗ ಕಲಬುರಗಿಯವರ ಉರಿಯನ್ನು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದೇವೆ. ಎಸ್.ಆರ್. ಬೊಮ್ಮಾಯಿ, ಜಗದೀಶ ಶೆಟ್ಟರ್, ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಗಳಾದಾಗ ಬೆಣ್ಣೆಯ ಗಡಿಗೆ ನಮ್ಮವರ ಕೈಯಲ್ಲೇ ಇತ್ತಲ್ಲ! ಅದನ್ನು ಯಾರೂ ಎತ್ತುವುದಿಲ್ಲ.

ಮಲಪ್ರಭೆಯ ರೈತರು 1980ರಲ್ಲಿ ಹೀಗೆ ಗೊಣಗಲಿಲ್ಲ. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟೆಯ ನೀರು ನೆಟ್ಟಗೆ ತಲುಪದ ಹೊಲಗಳಿಗೂ ಸರ್ಕಾರ ಅಭಿವೃದ್ಧಿ ಕರ ಹೇರಿತ್ತು. ನೀರು ಕೊಡದೆ ಕರ ಯಾತಕ್ಕೆ ಎಂಬುದೊಂದೇ ಅವರ ಪ್ರಶ್ನೆ. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆದು ಜೀವಗಳು ಹೋದವು. ಚಳವಳಿ ರಾಜ್ಯಕ್ಕೆಲ್ಲ ಹಬ್ಬಿತು, ದಕ್ಷಿಣದ ರೈತರೂ ಜೊತೆಗೆ ನಿಂತರು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಮನೆಗೆ ಹೋಯಿತು.

ಬರುವ ಅಧಿವೇಶನಕ್ಕೆ ಹೋಗುವ ನಮ್ಮ ಶಾಸಕರು ಗಾದೆಯನ್ನು ಮನೆಯಲ್ಲೇ ಬಿಟ್ಟು, ತಮ್ಮ ತಾಲ್ಲೂಕಿಗೆ ಮಂಜೂರಾದ ಹಣವೆಷ್ಟು, ಖರ್ಚಾಗದೆ ಉಳಿದದ್ದೆಷ್ಟು, ತಡೆದವರು ಯಾರು ಎಂಬುದನ್ನು ಬರೆದುಕೊಂಡು ಹೋಗಲಿ.